ನಮ್ಮ ತಗ್ಗಿನಲ್ಲಿ ಬೀಡುಬಿಟ್ಟ ಉತ್ತರದ ಗಾಳಿಯವರಿಗೆ

ಶ್ರೀಮದ್ ಉತ್ತರದ ಒಣ ಗಾಳಿಯವರ ಸನ್ನಿಧಾನಕ್ಕೆ,
ಹಾಲಿ ಮೊಕ್ಕಾಂ: ನಮ್ಮ ಟೀ ತೋಟದ ತಗ್ಗು, ಸೀಗೆಹಟ್ಟಿ, ಎಮರಾಲ್ಡ್ ಸಮೀಪ, ನೀಲಗಿರಿ.

ಮಾನ್ಯರೇ,

ತಾವು ಸುಖವಾಗಿದ್ದೀರೆಂಬುದು ನಮ್ಮ ತೋಟದ ಮೇಲಿನ ಬಿಳುಪನ್ನು ನೋಡಿದರೇ ತಿಳಿಯುತ್ತದೆ. ನಮ್ಮ ಸುಖವನ್ನು ತಾವು ವಿಚಾರಿಸಿದವರಲ್ಲವಾದರೂ, ಬಂದವರನ್ನು ಮಾತಾಡಿಸದೆ ಬಿಡುವುದು ಹಟ್ಟಿಯ ಮರ್ಯಾದೆಯಲ್ಲ. ಅದರಲ್ಲೂ ತಾವು ಬಾಗಿಲಲ್ಲೇ ನಿಂತು ಹೋಗುವ ನೆಂಟರಲ್ಲ, ಸಂಜೆ ಬಂದು ಕಾಲು ನೀಡಿ ಕೂತರೆ ಬಿಸಿಲು ಬಂದು ಎಬ್ಬಿಸುವ ತನಕ ಏಳದವರು. ಆದ್ದರಿಂದ ತಮ್ಮ ಬಗ್ಗೆ ತಮಗೇ ಒಂದು ದೂರನ್ನು, ನಾಲ್ಕು ಜನ ಓದುವಂತೆ, ಅತ್ಯಂತ ವಿನಯದಿಂದ ಬರೆದುಕೊಳ್ಳುತ್ತಿದ್ದೇನೆ.

ನಮ್ಮ ಬೆಟ್ಟಕ್ಕೆ ಗಾಳಿಗಳು ಹೊಸತಲ್ಲ. ಮುಂಗಾರಿನ ಆಡಿ ತಿಂಗಳ ಗಾಳಿಯವರು ಅರಬ್ಬಿ ಸಮುದ್ರದ ಮೇಲೆ ನೀರು ಕುಡಿದು ಕುಡಿದು ಹೊಟ್ಟೆ ಜೋತುಬಿದ್ದು ಬರುತ್ತಾರೆ. ಗೂಡಲೂರಿನ ಏರು ಹತ್ತಲಾರದೆ ಅರ್ಧ ಅಲ್ಲೇ ಸುರಿದು, ನಮ್ಮ ಎಮರಾಲ್ಡ್ ಅಣೆಕಟ್ಟಿಗೆ ಒಂದು ಪಾಲು ಕೊಟ್ಟು, ಮಸಿನಗುಡಿಗೆ ಇಳಿಯುವ ಹೊತ್ತಿಗೆ ಎರಡೂ ಕೈ ಒದರಿ ಖಾಲಿ ಎಂದು ತೋರಿಸುತ್ತಾರೆ. ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಬಂಗಾಳ ಕೊಲ್ಲಿಯವರು ಕೂನೂರಿನ ಕಡೆಯಿಂದ ಹತ್ತಿ ಬರುತ್ತಾರೆ. ಬರುವಾಗ ರೈಲು ಹಳಿಯ ಮೇಲೆ ಒಂದಿಷ್ಟು ಮಣ್ಣು ಜಾರಿಸಿ ಬರುವುದು ಅವರಿಗೊಂದು ಚಾಳಿ. ಇವರಿಬ್ಬರೂ ಗಲಾಟೆಯವರು, ಆದರೆ ಕೈಯಲ್ಲಿ ಏನಾದರೂ ಹಿಡಿದೇ ಬರುವವರು. ಡಿಸೆಂಬರ್ ನಡುವಿನ ಮಾರ್ಗಳಿ ಚಳಿಯಲ್ಲಿ ಬರುವ ತಾವು ಮಾತ್ರ ಸದ್ದಿಲ್ಲದೆ, ಸಭ್ಯರಾಗಿ, ಬರಿಗೈಯಲ್ಲಿ ಬರುತ್ತೀರಿ. ಬಂದವರು ಮೊದಲು ಮಾಡುವ ಕೆಲಸವೆಂದರೆ ಹೊದ್ದುಕೊಂಡಿದ್ದ ಮೋಡವನ್ನು ನಮ್ಮ ಮೈಮೇಲಿನಿಂದ ಎಳೆದು ಹಾಕುವುದು.

ನನ್ನ ತಂಗಿಯ ಮಗಳು ನಿವೇತಾ ಊಟಿಯ ಶಾಲೆಯೊಂದರಲ್ಲಿ ಭೂಗೋಳದ ಟೀಚರ್. ತಮ್ಮ ಜಾತಕ ಅವಳಿಂದ ತಿಳಿಯಿತು. ಯಾವ ಗಾಳಿ ಎಲ್ಲಿ ಬಹಳ ಕಾಲ ಕೂತಿರುತ್ತದೋ ಆ ನೆಲದ ಗುಣ ಅದಕ್ಕೆ ಅಂಟುತ್ತದಂತೆ. ಅಂಥ ಒಂದೇ ಗುಣದ ಗಾಳಿಯ ದೊಡ್ಡ ಗುಂಪಿಗೆ ಪುಸ್ತಕದಲ್ಲಿ ವಾಯುರಾಶಿ ಎಂಬ ಗೌರವದ ಹೆಸರಿದೆಯಂತೆ. ತಾವು ಉತ್ತರದ ಒಣ ಬಯಲುಗಳಲ್ಲಿ ಕೂತು ಬಂದವರಾದ್ದರಿಂದ ಒಣಗಿದ್ದೀರಿ. ಇಷ್ಟಕ್ಕೇ ಮುಗಿಯಲಿಲ್ಲ. "ಮಾಮಾ, ಎರಡು ಗಾಳಿ ಎದುರಾದ್ರೆ ಸುಲಭಕ್ಕೆ ಬೆರೆಯಲ್ಲ. ಮದುವೆ ಮನೇಲಿ ಮಾತು ಬಿಟ್ಟಿರೋ ಎರಡು ಕಡೆಯವರು ಇರ್ತಾರಲ್ಲ, ಹಾಗೆ. ತಣ್ಣಗಿರೋದು ಭಾರ, ಅದು ಕೆಳಗಿಂದ ನುಗ್ಗತ್ತೆ. ಬೆಚ್ಚಗಿರೋದನ್ನ ಮೇಲಕ್ಕೆ ಎತ್ತತ್ತೆ. ಎತ್ತಿದ ಕಡೆ ಮೋಡ, ಮಳೆ, ಗುಡುಗು" ಎಂದಳು. ಉತ್ತರ ದೇಶದ ಕಡೆ ಇಂಥ ಜಗಳದ ಗೆರೆ ಊರೂರು ದಾಟಿಕೊಂಡು ಹೋಗುತ್ತದಂತೆ. ನಮ್ಮಲ್ಲಿ ತಾವು ಯಾರೊಡನೆಯೂ ಜಗಳಕ್ಕೆ ನಿಲ್ಲದೆ ನೇರವಾಗಿ ನಮ್ಮ ತಗ್ಗಿಗೇ ಇಳಿದಿರಿ. ತಣ್ಣಗಿರುವುದು ಕೆಳಗಿಂದ ನುಗ್ಗುತ್ತದೆ ಎಂಬ ಮಾತನ್ನು ನಾನು ಆಗಲೇ ಕಿವಿಯಲ್ಲಿಟ್ಟುಕೊಂಡಿದ್ದರೆ ಈ ಪತ್ರಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಆ ತಗ್ಗಿನಲ್ಲಿರುವುದು ನನ್ನ ಹೆಂಡತಿ ಇಂದ್ರಾಣಿಯ ಟೀ ಸಸಿಗಳು. ಅಡುಗೆಮನೆಯ ಹಿಂದೆ, ಪ್ಲಾಸ್ಟಿಕ್ ಚೀಲಗಳಲ್ಲಿ ಒಂದೊಂದಾಗಿ ಕಡ್ಡಿ ನೆಟ್ಟು, ಮಕ್ಕಳಿಗೆ ಹಾಲು ಕುಡಿಸಿದ ಹಾಗೆ ನೀರು ಕುಡಿಸಿ, ಚಿಗುರಿದ ಮೇಲೆ ಮಳೆಗಾಲದ ಮೊದಲಿಗೆ ಅವಳೇ ಹೊತ್ತು ತಂದು ನೆಟ್ಟವು. ಬೆಳೆದ ಟೀ ಗಿಡವನ್ನು ತಾವು ಸುಟ್ಟರೂ ಕೊಂಬೆ ಸವರಿ ಕವಾತು ಮಾಡಿದರೆ ಮತ್ತೆ ಚಿಗುರುತ್ತದೆ. ಎಳೆಯ ಸಸಿಗೆ ಮಾತ್ರ ಮೊದಲ ಚಳಿಗಾಲವೇ ಪರೀಕ್ಷೆ. ಬೇರಿನ ತನಕ ಹೋದರೆ ಹೋಯಿತು. ಸುತ್ತಲಿನವರೆಲ್ಲ ಟೀ ಕಿತ್ತು ಕ್ಯಾರೆಟ್ ಹಾಕುತ್ತಿರುವಾಗ ಇವಳೊಬ್ಬಳು ಹೊಸ ಟೀ ನೆಟ್ಟಳೆಂದು ಊರು ನಕ್ಕಿತ್ತು. "ನಗಲಿ. ಚಳಿ ಕಳೆದ ಮೇಲೆ ಬಂದು ನೋಡ್ಲಿ" ಎಂದು ಅವಳು ಹೇಳಿದ್ದಳು. ಆದ್ದರಿಂದ ತಾವು ಬಂದಿಳಿದದ್ದು ಬರೀ ಮಣ್ಣಿನ ಮೇಲಲ್ಲ, ಅವಳ ಮಾತಿನ ಮೇಲೆ.

ನಾನು ಸುಮ್ಮನಿರುವವನೇ? ಸಸಿ ನೆಟ್ಟ ಹೊಸತರಲ್ಲಿ ಕಾಡುಕೋಣವೊಂದು, ನಮ್ಮವರು ಕಾಟಿ ಎನ್ನುವುದು, ಹಳ್ಳದ ಕಡೆಯಿಂದ ಬಂದು, ತಿನ್ನದಿದ್ದರೂ ತುಳಿದು, ಒಂದು ಸಾಲನ್ನು ಚಪ್ಪಟೆ ಮಾಡಿ ಹೋಯಿತು. ಅದಕ್ಕಾಗಿ ತೋಟದ ಕೆಳತುದಿಯಲ್ಲಿ, ತೋಟಕ್ಕೂ ಕೆಳಗಿನ ಹಳ್ಳಕ್ಕೂ ನಡುವೆ, ಈ ಕೊನೆಯಿಂದ ಆ ಕೊನೆಗೆ, ಒಂದು ಇಲಿ ನುಸುಳುವಷ್ಟೂ ಸಂದಿಲ್ಲದಂತೆ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿಸಿದೆ. ಬಣ್ಣವನ್ನೂ ಹೊಡೆಸಿದೆ. ಆ ಗೋಡೆಯನ್ನು ನೋಡಲು ಮೇಲಿನ ಹಟ್ಟಿಯಿಂದಲೂ ಜನ ಬಂದಿದ್ದರೆಂಬುದನ್ನು ತಾವು ಗಮನಿಸಬೇಕು. ಪಕ್ಕದ ತೋಟದ ಸುರೇಂದ್ರನ್ ಮಾತ್ರ, "ಅಣ್ಣಾ, ಅಣೆಕಟ್ಟು ಎಮರಾಲ್ಡಲ್ಲಿ ಒಂದಿದೆಯಲ್ಲ, ಇನ್ನೊಂದು ಯಾಕೆ?" ಎಂದ. ಹೊಟ್ಟೆಕಿಚ್ಚು ಎಂದುಕೊಂಡೆ.

ಮಾರ್ಗಳಿ ಬಂತು, ತಾವೂ ಬಂದಿರಿ. ತಮಿಳಿನವರು ಉರೈಪನಿ ಎನ್ನುವ, ಇಬ್ಬನಿ ಹೆಪ್ಪುಗಟ್ಟಿದ ಆ ಬಿಳುಪು ಒಂದು ಬೆಳಿಗ್ಗೆ ನಮ್ಮ ತಗ್ಗನ್ನು ತುಂಬಿತ್ತು. ನಮ್ಮ ಜನ ಕುಲದೇವತೆ ಹೆತ್ತೆಯ ಹಬ್ಬಕ್ಕೆ ಬಿಳಿ ಉಡುವುದನ್ನು ಎಲ್ಲಿಂದಲೋ ನೋಡಿ, ತಾವು ಭಕ್ತಿಯಿಂದ ನಮ್ಮ ಸಸಿಗಳಿಗೂ ಬಿಳಿ ಉಡಿಸಿದಿರಿ. ತಮ್ಮ ದೈವಭಕ್ತಿಗೆ ನಮಸ್ಕಾರ. ಬಿಸಿಲು ಏರಿದ ಮೇಲೆ ಎಲೆಗಳು ಬಾಣಲೆಗೆ ಹಾಕಿ ತೆಗೆದಂತೆ ಕಂದಾದವು. ನನ್ನನ್ನು ಹೆಚ್ಚು ಸುಟ್ಟದ್ದು ಬೇರೊಂದು. ಸುರೇಂದ್ರನ ತೋಟವೂ ಅಷ್ಟೇ ತಗ್ಗು, ಅದೇ ಹಳ್ಳದ ದಡ, ನಡುವೆ ಇರುವುದು ಒಂದು ಸಣ್ಣ ಏರಿ. ಅಲ್ಲಿ ಹಸಿರು ಹಾಗೇ ಇತ್ತು. ಅವನು ಏರಿಯ ಮೇಲೆ ನಿಂತು, ಕಂಬಳಿಯೊಳಗಿಂದ ಮೂಗು ಮಾತ್ರ ಹೊರಗಿಟ್ಟು, "ಏನಣ್ಣಾ, ಗೋಡೆಗೆ ಹೊಡೆದು ಮಿಕ್ಕಿದ ಸುಣ್ಣ ತೋಟಕ್ಕೂ ಹೊಡೆಸಿದ್ಯಾ?" ಎಂದು ಕೇಳಿದ. ಮಾನ್ಯರೇ, ಒಂದೇ ಹಳ್ಳದ ಇಬ್ಬರು ರೈತರಲ್ಲಿ ಹೀಗೆ ಪಂಕ್ತಿಭೇದ ಮಾಡುವುದು ತಮ್ಮಂಥ ದೊಡ್ಡ ವಂಶದವರಿಗೆ ತಕ್ಕದ್ದೇ? ಅಂದೇ ಈ ದೂರನ್ನು ಬರೆಯಲು ಕೂತವನು, ಇಂದ್ರಾಣಿ ಕರೆದಳೆಂದು ಎದ್ದೆ.

ಅವಳು ಅಳುತ್ತಿರಲಿಲ್ಲ. ಗೀರಿ ನೋಡಿದರೆ ಕಾಂಡಗಳಲ್ಲಿ ಇನ್ನೂ ಹಸಿರಿತ್ತು. ಜರೀಗಿಡದ ಸೊಪ್ಪು ಕೊಯ್ದು ಒಂದೊಂದು ಸಸಿಯ ಮೇಲೂ ಕೊಡೆಯಂತೆ ಚುಚ್ಚುತ್ತಿದ್ದಳು. "ದೂರು ಆಮೇಲೆ ಬರೆಯೋದಾಯ್ತು. ಸೊಪ್ಪು ತನ್ನಿ" ಎಂದಳು. ಸಂಜೆ ಹಸಿ ಕಸಕ್ಕೆ ಬೆಂಕಿಯಿಟ್ಟು ಹೊಗೆ ಹಾಕಿದೆವು. ಹೊಗೆ ಮೇಲೆ ಹೋಗಲಿಲ್ಲ. ನೆಲ ಹಿಡಿದು, ಸಾಲುಗಳ ನಡುವೆ ತೆವಳಿ, ಕೆಳಗಿಳಿದು, ನನ್ನ ಗೋಡೆಗೆ ತಾಗಿ, ಅಲ್ಲೇ ಪಾತ್ರೆಯಲ್ಲಿನ ಹಾಲಿನಂತೆ ನಿಂತಿತು. ನಿಂತು ನಿಂತು ಏರಿತು. "ನೋಡಿದೆಯಾ? ಗೋಡೆ ಎಷ್ಟು ಚೆನ್ನಾಗಿ ಬೆಚ್ಚಗಿನದನ್ನು ಹಿಡಿದಿಟ್ಟಿದೆ!" ಎಂದು ನಾನು ಬೀಗಿದೆ. ಇಂದ್ರಾಣಿ ಬಗ್ಗಿ ಹೊಗೆಯೊಳಗೆ ಕೈ ಇಟ್ಟು, ಥಟ್ಟನೆ ಹಿಂದಕ್ಕೆಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಅದು ಹೊಗೆಯ ಘಾಟಿಗೆ ಎಂದು ನಾನು ತಿಳಿದೆ. ಘಾಟಿಗೆ ಯಾರೂ ಕೈ ಮುಚ್ಚಿಕೊಳ್ಳುವುದಿಲ್ಲ, ಚಳಿಗೆ ಮುಚ್ಚಿಕೊಳ್ಳುತ್ತಾರೆ ಎಂಬುದು ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಕೊಲ್ಲಿಯಲ್ಲೊಂದು ವಾಯುಭಾರ ಕುಸಿತ ಎಂದು ಟೀವಿಯವರು ಕೂಗತೊಡಗಿದರು. ಕರಾವಳಿಯವರು ದೋಣಿ ಎಳೆದು ಮೇಲೆ ಹಾಕುತ್ತಿದ್ದರು; ನಮ್ಮ ತಗ್ಗಿಗೆ ಆ ಬಿರುಗಾಳಿಯ ಸೆರಗಿನ ಮೋಡ ಬಂದು ಮುಚ್ಚಿತು. ಮೋಡವೆಂದರೆ ನೆಲಕ್ಕೆ ಕಂಬಳಿ. ಹಗಲಿನ ಬಿಸಿ ಹಾರಿಹೋಗದಂತೆ ಹಿಡಿದುಕೊಳ್ಳುತ್ತದೆ. ಆ ಮೋಡ ಇದ್ದಷ್ಟು ದಿನ ತಾವು ಮುಖ ತೋರಿಸಲಿಲ್ಲ. ಸಸಿಗಳು ಸುಧಾರಿಸಿಕೊಂಡವು, ನಾವೂ ಸುಧಾರಿಸಿಕೊಂಡೆವು. ಬಿರುಗಾಳಿ ಇನ್ನೂ ನಾಲ್ಕು ದಿನ ಇದ್ದರೆ ಒಳ್ಳೆಯದಿತ್ತು ಎಂದು ನನ್ನ ಬಾಯಿಂದ ಬಂದಾಗ ಇಂದ್ರಾಣಿ, "ಬಾಯಿ ಮುಚ್ಚಿ. ಅಲ್ಲಿ ಜನ ಇದ್ದಾರೆ" ಎಂದು ಗದರಿದಳು. ಆದ್ದರಿಂದ ನನ್ನ ಬೇಡಿಕೆಯನ್ನು ತಿದ್ದಿ ಸಲ್ಲಿಸುತ್ತಿದ್ದೇನೆ: ಇನ್ನು ಮುಂದೆ ಯಾವುದೇ ಚಂಡಮಾರುತದ ನಡುಭಾಗವನ್ನು ಸಮುದ್ರದಲ್ಲೇ ಮಡಚಿಟ್ಟು, ಅಂಚಿನ ಮೋಡವನ್ನು ಮಾತ್ರ ಹರಿದು, ಒಂದು ಎಕರೆಗೆ ಸಾಲುವಷ್ಟು, ಮಾರ್ಗಳಿಯಿಂದ ಅದರ ಮುಂದಿನ ತೈ ತಿಂಗಳು ಮುಗಿಯುವ ತನಕ ಕಳಿಸಿಕೊಡುವಂತೆ ತಾವು ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು.

ಬಿರುಗಾಳಿ ದಾಟಿಹೋಯಿತು. ಅದು ಖಾಲಿ ಮಾಡಿದ ಜಾಗಕ್ಕೆ ಉತ್ತರದಿಂದ ಯಾರು ಬಂದರೆಂದು ತಮಗೆ ನಾನು ಹೇಳಬೇಕಾಗಿಲ್ಲ. ಆಕಾಶ ಹುಣಸೆಹಣ್ಣು ಹಾಕಿ ಉಜ್ಜಿದ ಕಂಚಿನಂತೆ ಬೆಳಗುತ್ತಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸಸಿಗಳು ಇನ್ನು ಉಳಿಯುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಬೆಳಗಾಗಿ ಹೋಗಿ ನೋಡಿದರೆ ಮೊದಲು ಕಂಡದ್ದು ಗೋಡೆ. ಕಾಡುಕೋಣ ಬಂದು, ನನ್ನ ಬಣ್ಣಕ್ಕಾಗಲಿ ಸಿಮೆಂಟಿಗಾಗಲಿ ಕಿಂಚಿತ್ತೂ ಗೌರವ ಕೊಡದೆ, ಹೆಗಲು ಕೊಟ್ಟು ಒಂದು ಭಾಗವನ್ನು ನೆಲಕ್ಕೆ ಕೆಡವಿ, ಬ್ಲಾಕುಗಳನ್ನು ಮೂಸಿ, ಒಳಗೆ ಬಾರದೆ ಹಿಂದಿರುಗಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಇಂದ್ರಾಣಿ ಗೋಡೆಯನ್ನು ನೋಡಲೇ ಇಲ್ಲ. ಗೋಡೆಯ ಉದ್ದಕ್ಕೂ ಸಸಿಗಳು ಬಿಳಿ. ಆ ಕೆಡವಿದ ಬಾಯಿಂದ ಮೇಲಕ್ಕೆ, ಬೀಸಣಿಗೆ ಬಿಡಿಸಿದ ಹಾಗೆ, ಹಸಿರು.

ಅವಳು ಹೋಗಿ ಒಂದು ಹಿಡಿ ಹಸಿ ಸೊಪ್ಪಿಗೆ ಬೆಂಕಿಯಿಟ್ಟಳು. ಹೊಗೆ ತೆವಳುತ್ತ ಬಂತು, ಗೋಡೆಗೆ ತಾಗಿತು, ಬಾಯಿ ಹುಡುಕಿತು, ತೂಬು ತೆಗೆದ ಕೆರೆಯಂತೆ ಸರಸರನೆ ಹಳ್ಳಕ್ಕೆ ಇಳಿದುಹೋಯಿತು.

"ಕಾಟಿಗೆ ಬುದ್ಧಿ ಇದೆ" ಎಂದಳು. ಮಿಕ್ಕವರಿಗೆ ಇಲ್ಲ ಎಂದು ಅವಳು ಹೇಳಲಿಲ್ಲ. ಅದು ಅವಳ ದೊಡ್ಡತನ. ಏರಿಯ ಮೇಲಿಂದ ಸುರೇಂದ್ರನ್ ಮಾತ್ರ, "ಅಣ್ಣಾ, ಗಾಳಿಗೆ ಅಣೆಕಟ್ಟು ಕಟ್ಟಿದವನು ಇಡೀ ಜಿಲ್ಲೆಯಲ್ಲಿ ನೀನೊಬ್ಬನೇ. ಹಾರೆ ಬೇಕಾ?" ಎಂದ. ಹಾರೆ ಹಿಡಿದುಕೊಂಡೇ ಬಂದಿದ್ದ.

ಮಾನ್ಯರೇ, ಬೆಟ್ಟದ ಮೇಲೆಲ್ಲ ತಣ್ಣಗಾಗಿ, ಭಾರವಾಗಿ, ಇಳಿದು ಬಂದು, ಹಳ್ಳ ಸೇರಿ ಹೊರಟುಹೋಗುವುದೊಂದೇ ತಮ್ಮ ಉದ್ದೇಶವಾಗಿತ್ತೆಂದು ಆಗ ತಿಳಿಯಿತು. ಆದರೂ ತಮ್ಮ ಮೇಲೆ ನನ್ನ ದೂರು ನಿಂತೇ ಇದೆ. ಅಡ್ಡಗೋಡೆ ಎದುರಾದಾಗ ಬಾಗಿಲು ತಟ್ಟುವುದು, ಕೂಗುವುದು, ಕನಿಷ್ಠ ಕೆಮ್ಮುವುದು ಸಭ್ಯರ ರೀತಿ. ಒಂದು ಗಂಟಲಿನ ಸದ್ದೂ ಮಾಡದೆ, ಹೆಂಗಸೊಬ್ಬಳ ಸಸಿಗಳ ಮೇಲೆ ಮಲಗಿಬಿಡುವುದೇ?

ಇಡೀ ಗೋಡೆ ತೆಗೆಯಬೇಕೆಂದು ಇಂದ್ರಾಣಿ. ಎರಡು ತುದಿಗಳಾದರೂ ನಿಲ್ಲಲಿ ಎಂದು ನಾನು. ಕೊನೆಗೆ ತಗ್ಗಿನ ನಡುಭಾಗವನ್ನೆಲ್ಲ ನಾನೂ ಸುರೇಂದ್ರನೂ ಸೇರಿ ಕೆಡವಿದೆವು. ಆ ಜಾಗದಲ್ಲಿ ಬಿದಿರು ಗಳಗಳನ್ನು ಅಡ್ಡ ಹಾಕಿದ ಉಣಗೋಲು ಬಂತು: ತಾವು ನುಸುಳಬಹುದು, ಕಾಡುಕೋಣಕ್ಕೆ ಅಡ್ಡಿ. ಅದಕ್ಕೆ ಮನಸ್ಸಾದರೆ ಬಿದಿರನ್ನೂ ಮುರಿಯಬಲ್ಲದು. ಸಿಮೆಂಟನ್ನು ಮುರಿದದ್ದಕ್ಕಿಂತ ಕಡಿಮೆ ಸದ್ದಾಗುತ್ತದೆ, ಅಷ್ಟೆ.

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಉಜ್ಜಿದ ಆಕಾಶ, ಅದೇ ಅಲುಗದ ಎಲೆ. ತಾವು ಬಂದಿದ್ದಿರೆಂಬುದಕ್ಕೆ ಹಳ್ಳದಾಚೆಯ ತಗ್ಗಿನ ಹುಲ್ಲೆಲ್ಲ ಬೆಳ್ಳಗಾಗಿ ಸಾಕ್ಷಿ ಹೇಳುತ್ತಿತ್ತು. ಇಂದ್ರಾಣಿ ಮೊದಲು ಇಳಿದಳು. ನಾನು ಮೇಲೆಯೇ ನಿಂತೆ. ಕಾಲು ಸೆಟೆದಿದೆ ಎಂದು ಹೇಳಿದೆನಾದರೂ, ನಿಜವಾಗಿ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಮೊದಲ ಸಸಿಯ ಸೊಪ್ಪನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿದಳು, ಮತ್ತೆ ಮುಚ್ಚಿದಳು. ಎರಡನೆಯದನ್ನೂ ಹಾಗೆಯೇ. ಮೂರನೆಯದರಿಂದ ಮುಚ್ಚುವುದನ್ನು ಬಿಟ್ಟಳು. ಆಮೇಲೆ ಎತ್ತಿ ನೋಡುವುದನ್ನೂ ಬಿಟ್ಟು, ಸಾಲಿನ ನಡುವೆ ನಡೆಯುತ್ತ ಎರಡೂ ಕೈಗಳಿಂದ ಸೊಪ್ಪು ಕಿತ್ತು ಪಕ್ಕಕ್ಕೆ ಎಸೆಯುತ್ತ, ತುದಿಯವರೆಗೆ ಹೋಗಿ, ಅಲ್ಲಿಂದಲೇ ಊರು ಕೇಳುವಂತೆ ಕೂಗಿದಳು: "ಸುರೇಂದ್ರಾ! ಎಲ್ಲಿದ್ದೀಯ? ನಕ್ಕವರನ್ನೆಲ್ಲ ಕರ್ಕೊಂಡು ಬಾ. ಕಾಫಿ ನಮ್ಮ ಮನೇಲಿ!"

ಕೆಲವು ಸಸಿಗಳು ಹೋದವು, ಬಹುಪಾಲು ಉಳಿದವು. ಆದ್ದರಿಂದ ದೂರನ್ನು ಹಿಂತೆಗೆದುಕೊಳ್ಳದೆ, ಅದರ ಜೊತೆಗೇ ಈ ಕೃತಜ್ಞತೆಯನ್ನೂ ಲಗತ್ತಿಸಿದ್ದೇನೆ. ಉಣಗೋಲಿನ ಸಂದು ತಮಗಾಗಿ ಸದಾ ತೆರೆದೇ ಇರುತ್ತದೆ. ಒಳಗೆ ಬರುವಾಗ ತಡಮಾಡಿ, ಹೊರಗೆ ಹೋಗುವಾಗ ಅವಸರ ಮಾಡಿ ಎಂಬುದಷ್ಟೇ ಪ್ರಾರ್ಥನೆ.

ತಮ್ಮ ವಿಶ್ವಾಸಿಯೂ, ತಮ್ಮ ಕೃಪೆಯಿಂದ ಇನ್ನೂ ಲೇಖನಿ ಸರಿಯಾಗಿ ಹಿಡಿಯಲಾಗದ ಬೆರಳುಗಳವನೂ ಆದ,
ಮಹಾಲಿಂಗಂ,
ಸೀಗೆಹಟ್ಟಿ

ಮರೆತ ಮಾತು: ಹಳ್ಳದ ಕೆಳಗೆ ಹೊಸ ಕಾಟೇಜ್ ಕಟ್ಟಿಸಿರುವ ಮನೋಜ್‌ಕುಮಾರ್ ನಿನ್ನೆ ಬಂದು, ಕೆಡವಿದ ಬ್ಲಾಕುಗಳನ್ನು ಕೇಳಿದರು, ಅವರ ಹುಲ್ಲುಹಾಸಿನ ಕೆಳತುದಿಗೆ ಒಂದು ಗೋಡೆ ಎಬ್ಬಿಸುವರಂತೆ. ಮನಸ್ಸು ತಡೆಯದೆ ನಡೆದದ್ದೆಲ್ಲವನ್ನೂ ಹೇಳಿ ಎಚ್ಚರಿಸಿದೆ. "ಅಯ್ಯೋ ಅಣ್ಣಾ, ಅದಕ್ಕೇ ಕೇಳ್ತಿರೋದು! ಗೆಸ್ಟುಗಳಿಗೆಲ್ಲ ಬೆಳಿಗ್ಗೆ ಎದ್ದ ತಕ್ಷಣ ಹುಲ್ಲು ಬೆಳ್ಳಗಿರಬೇಕು" ಎಂದರು. ಬ್ಲಾಕುಗಳನ್ನು ನಾನೇ ಹೊತ್ತು ಕೊಟ್ಟು ಬಂದಿದ್ದೇನೆ. ತಾವು ಇನ್ನು ಅಲ್ಲಿಗೆ ದಯಮಾಡಿಸಬೇಕು. ನಮ್ಮಲ್ಲಿ ತಮ್ಮನ್ನು ಬೈದವರೇ ಹೆಚ್ಚು. ಅಲ್ಲಿ ತಮ್ಮ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳುವವರಿದ್ದಾರೆ.