ಒಣ ಹಳ್ಳಕ್ಕೊಂದು ಸಂಕ

ಗುಡ್ಡನ ಗಂಟಲು ದೊಡ್ಡದಾದದ್ದೇ ತಪ್ಪಾಯಿತು. ಕೆರಾಡಿಯಿಂದಾಚೆ, ಕಾಡಿನಂಚಿನ ಕಲ್ಲಗದ್ದೆಯ ಹನ್ನೆರಡು ಮನೆಯವರು ಹಳ್ಳಕ್ಕೊಂದು ಕಾಲುಸೇತುವೆ ಕೇಳಿ 'ಸಂಕ ಆಗುವ ತನಕ ವೋಟಿಲ್ಲ' ಎಂದು ತೀರ್ಮಾನಿಸಿದಾಗ, ಮುಂದೆ ನಿಂತು ಮಾತಾಡಲು ಒಬ್ಬ ಬೇಕಿತ್ತು.

"ನೀನೇ ಸೈ ಮರಾಯ. ನೀ ಕೂಗಿರೆ ಗುಡ್ಡಿ ಆಚಿ ದನವೂ ತಿರ್ಗಿ ಕಾಣತ್ತ್" ಎಂದು ಎದುರು ಮನೆಯ ಚಂದಯ್ಯ ಬೆನ್ನು ತಟ್ಟಿದ. ಬಹಿಷ್ಕಾರದ ಬ್ಯಾನರು ಗುಡ್ಡನ ಹಲಸಿನ ಮರಕ್ಕೇ ಏರಿತು.

ಗುಡ್ಡನಿಗೂ ಸಿಟ್ಟಿತ್ತು. ಮಳೆಗಾಲದಲ್ಲಿ ಹಳ್ಳ ದಾಟಲು ಅವರಿಗಿದ್ದದ್ದು ಜೋಡಿಸಿ ಕಟ್ಟಿದ ಎರಡು ಅಡಿಕೆ ಮರ, ಅಷ್ಟೇ. ಹೋದ ವರ್ಷ ಅದರ ಮೇಲಿಂದ ಜಾರಿ ಹೆಂಡತಿ ಸರಸಳ ಎಡಗೈ ಮುರಿದಿತ್ತು. ಮೂಳೆ ಕೂಡಿದ್ದು ಸೊಟ್ಟಗೆ. ಆ ಕೈಯಲ್ಲಿ ಅವಳು ಕೊಡ ಎತ್ತಲು ಒದ್ದಾಡುವುದು ಕಂಡಾಗಲೆಲ್ಲ ಅವನೇ ಓಡಿ ಹೋಗಿ ಕೊಡ ಇಸಿದುಕೊಳ್ಳುತ್ತಿದ್ದ. ಈ ಮಳೆಗೆ ಮುಂಚೆ ಕಾಂಕ್ರೀಟಿನ ಸಂಕವೊಂದು ಆಗಿಬಿಟ್ಟರೆ ಅವನಿಗೆ ಬೇರೇನೂ ಬೇಡವಾಗಿತ್ತು.

ಮತದಾನದ ದಿನ ಬೆಳಿಗ್ಗೆ ಎಂಟಕ್ಕೆ ಚುನಾವಣೆ ಡ್ಯೂಟಿಯ ಸಾಹೇಬರು ಜೀಪನ್ನು ಆಚೆ ದಡದಲ್ಲಿ ಬಿಟ್ಟು ನಡೆದು ಬಂದರು. ಘಟ್ಟದ ಮೇಲಿನವರು.

"ಎಲ್ಲಿದೇರಿ ನಿಮ್ಮ ಹಳ್ಳ?"

"ನೀವೀಗ ನಡ್ಕಂಡ್ ಬಂದದ್ದೇ ಹಳ್ಳ, ಸಾಯ್ಬ್ರೆ."

"ನೀರೇ ಇಲ್ವಲ್ರೀ!"

"ಆಸಾಡಿಲಿ ಬನ್ನಿ, ನೀರ್ ತೋರ್ಸ್ತೆ. ಎಲೆಕ್ಷನ್ ಬೇಸಿಗೆಲಿ ಇಟ್ಕಂಡ್ರೆ ನೀರ್ ಎಲ್ಲಿಂದ ಬತ್ತ್?"

ಅದು ನಿಜ. ಆ ಊರಿಗೆ ವೋಟು ಕೇಳಲು ಬಂದವರೆಲ್ಲ ಒಣ ಹಳ್ಳದಲ್ಲೇ ನಿಂತು ಸಂಕದ ಭರವಸೆ ಕೊಟ್ಟವರು. ಒಬ್ಬನ ಪಂಚೆಯ ಅಂಚೂ ಒದ್ದೆಯಾದದ್ದಿಲ್ಲ.

ಅರ್ಧ ಗಂಟೆ ಬುದ್ಧಿ ಹೇಳಿ ಸೋತ ಸಾಹೇಬರು ಚೀಲದಿಂದ ಹಾಳೆಯೊಂದನ್ನು ತೆಗೆದರು. "ಸರಿ, ಮಹಜರು ಮಾಡ್ಬೇಕು. ಊರಿನ ಪರವಾಗಿ ನೀವು ಕೆಳಗೆ ಸಹಿ ಹಾಕಿ. ಸಹಿಯ ಮೇಲಿನ ಜಾಗದಲ್ಲಿ ನಡೆದದ್ದನ್ನ ಸಂಜೆ ತುಂಬಿಸ್ತೀನಿ."

ಗುಡ್ಡ ಬದುಕಿನಲ್ಲಿ ಸಹಿ ಹಾಕಿದ ಸರ್ಕಾರಿ ಕಾಗದಗಳೆಲ್ಲ ಖಾಲಿಯೇ. ಸಹಿ ನಮ್ಮದು, ಬರಹ ಅವರದು, ಅದೇ ಅಲ್ಲಿಯ ರೂಢಿ. ಉದ್ದಕ್ಕೆ ಸಹಿ ಎಳೆದು, ಯಾರೂ ಕೇಳದಿದ್ದರೂ ಕೆಳಗೆ 'ಊರಿನ ಮುಖಂಡ' ಎಂದೂ ಬರೆದ.

ಒಂಬತ್ತಕ್ಕೆ ಚಂದಯ್ಯ ಕೆನ್ನೆ ಹಿಡಿದುಕೊಂಡು ಬಂದ. "ಹಲ್ಲ್ ನೋವ್ ಮರಾಯ. ಹೆಮ್ಮಾಡಿಗ್ ಹೋಯಿ ಬತ್ತೆ."

ಹತ್ತಕ್ಕೆ ಪಕ್ಕದ ಮನೆಯ ಜಲಜಕ್ಕ. "ದನ ತಪ್ಪ್ಸ್ಕಂಡಿತ್. ಆಚಿ ಬದಿ ಕಂಡ್ಕಂಡ್ ಬತ್ತೆ."

ಆಚೆ ದಡದಲ್ಲಿದ್ದ, ಕೆಳಮನೆಯ ಸೋಮನ ಅತ್ತೆಗೆ ಹನ್ನೊಂದಕ್ಕೆ ಸರಿಯಾಗಿ ಹುಷಾರು ತಪ್ಪಿತು; ಅವಳನ್ನು ಕಾಣಲು ಸರಸಳೂ ಹೊರಟಳು. ಮಧ್ಯಾಹ್ನದೊಳಗೆ ಕಲ್ಲಗದ್ದೆಯಲ್ಲಿ ಉಳಿದದ್ದು ಗುಡ್ಡ, ಬ್ಯಾನರು ಮತ್ತು ಜಲಜಕ್ಕನ ತಪ್ಪಿಸಿಕೊಂಡ ದನ. ಅದು ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿತ್ತು.

ಸಂಜೆ ಒಬ್ಬೊಬ್ಬರೇ ಹಿಂದಿರುಗಿದರು. ಚಂದಯ್ಯನ ಹಲ್ಲಿನ ಚಿಕಿತ್ಸೆಗೆ ಎಡಗೈ ಬೆರಳಿಗೆ ಬಟ್ಟೆ ಸುತ್ತಿದ್ದರು. ಜಲಜಕ್ಕನ ಬೆರಳಿಗೆ ಅರಸಿನ ಮೆತ್ತಿತ್ತು. ಗುಡ್ಡ ಚಂದಯ್ಯನ ಬೆರಳಿನ ಬಟ್ಟೆ ಕಿತ್ತ. ಕಪ್ಪು ಶಾಯಿ!

"ಬೈಬೇಡ ಮರಾಯ. ವೋಟ್ ಹಾಕ್ದಿರೆ ರೇಶನ್ ಕಾರ್ಡ್ ಕ್ಯಾನ್ಸಲ್ ಅಂಬ್ರ್."

"ಯಾರ್ ಹೇಳದ್ದ್?"

"ಜಲಜಕ್ಕ."

"ನಂಗ್ ನೀನೇ ಹೇಳದ್ದಲ್ದಾ!" ಎಂದು ಜಲಜಕ್ಕ ಎಗರಿದಳು.

ಗುಡ್ಡ ಒಳಗೆ ನಡೆದ. ಸರಸ ಒಲೆಯ ಮುಂದೆ ಕೂತಿದ್ದಳು. ಸೊಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ನೀನೂವಾ ಹೆಣ್ಣೇ?"

"ಅಕ್ಕಿ ನಿಲ್ಸಿರೆ ಗಂಜಿಗೆಂತ ಮಾಡುದ್? ಆ ಸಾಯ್ಬ್ರ್ ಪಾಪ, ಕೈ ಎಂತಾಯ್ತ್ ಅಂದೇಳಿ ಕೇಂಡ್ರ್."

ಗುಡ್ಡೆಯಾಚೆಯ ದನಕ್ಕೂ ಕೇಳುವ ಗಂಟಲಿನವನು ಒಲೆಗೊಂದು ಕಟ್ಟಿಗೆ ನೂಕಿ ಹೊರಗೆ ಬಂದ.

ಆರೂವರೆಗೆ ಸಾಹೇಬರು ಹಸನ್ಮುಖಿಯಾಗಿ ಬಂದು ಮಹಜರಿನ ನಕಲು ಕೊಟ್ಟರು. ಗುಡ್ಡ ಓದಿದ: 'ಕಲ್ಲಗದ್ದೆಯ ಮೂವತ್ತೊಂದು ಮತದಾರರಲ್ಲಿ ಮೂವತ್ತು ಮಂದಿ ಸದರಿ ಹಳ್ಳವನ್ನು ನಿರಾಯಾಸವಾಗಿ ದಾಟಿ ಮತ ಚಲಾಯಿಸಿರುತ್ತಾರೆ. ಸಂಕದ ಅವಶ್ಯಕತೆ ಕಂಡುಬರುವುದಿಲ್ಲ. ಒಬ್ಬರು ವೈಯಕ್ತಿಕ ಕಾರಣದಿಂದ ಗೈರು. ಓದಿ ನೋಡಿ ಒಪ್ಪಿ ಸಹಿ ಹಾಕಿದ್ದೇನೆ.' ಅದರ ಕೆಳಗೆ ಅವನದೇ ಉದ್ದನೆಯ ಸಹಿ. ಊರಿನ ಮುಖಂಡ.

"ಇದ್ ಸುಳ್ಳ್ ಸಾಯ್ಬ್ರೆ!"

"ಯಾವ ಸಾಲು ಸುಳ್ಳು, ಹೇಳಿ?"

ಗುಡ್ಡ ಮತ್ತೆ ಓದಿದ. ಕೊನೆಯ ಸಾಲಿಗೆ ಬೆರಳಿಡಹೋದ; ಬೆರಳು ತನ್ನದೇ ಸಹಿಯ ಮೇಲೆ ಬಿತ್ತು.

ಜೀಪು ಹೋದ ಮೇಲೆ ಚಂದಯ್ಯ ಹಣೆ ಬಡಿದುಕೊಂಡ. "ಓದ್ದೆ ಸೈನ್ ಹಾಕಿ ನಮ್ ಸಂಕವೇ ಹಾಳ್ ಮಾಡ್ದ್ಯಲ್ಲ ಮರಾಯ!" ಎಲ್ಲರೂ ಹೌದೆಂದು ತಲೆದೂಗಿದರು.

ಗುಡ್ಡ ಮರ ಹತ್ತಿ ಬ್ಯಾನರಿನ ಹಗ್ಗ ಬಿಚ್ಚಿದ. ಹಳ್ಳದ ಬದಿಯಲ್ಲಿ ಬಿದ್ದಿದ್ದ ಅಡಿಕೆ ಮರಗಳನ್ನು ಜೋಡಿಸಿ ಕಟ್ಟತೊಡಗಿದ. ಸರಸ ಬಂದು, ಶಾಯಿ ಹಚ್ಚಿದ ಸೊಟ್ಟ ಕೈಯಲ್ಲೇ ಹಗ್ಗದ ಇನ್ನೊಂದು ತುದಿ ಹಿಡಿದಳು.

"ಹ್ವಾಯ್, ಗಟ್ಟಿ ಕಟ್ಟ್ ಮರಾಯ" ಎಂದು ಚಂದಯ್ಯ ದಡದಿಂದಲೇ ಕೂಗಿದ, "ನಾವೆಲ್ಲ ದಾಟುಕಿತ್ತ್!"