ರಟ್ಟಿನೊಳಗಿನ ಹಾಳೆ

"ಬಿಡಿ, ರಹೀಂ ಸಾಹೇಬ್ರೇ, ಬಿಡಿ!"

ದಾಖಲೆ ಕೋಣೆಯ ಗುಮಾಸ್ತ ಅಂಜನಮೂರ್ತಿ ತನ್ನ ಹನ್ನೊಂದು ಬೆರಳುಗಳಿಂದಲೂ ರಿಜಿಸ್ಟರನ್ನು ತಬ್ಬಿ ಎಳೆದ. ಆ ಕಡೆಯಿಂದ ಬೈಂಡರ್ ರಹೀಂ ಎಳೆದ. ನಡುವೆ ಮೈದಾ ಅಂಟಿನ ಬೋಗುಣಿ ಉರುಳಿತು.

"ನೀವೇ ಹೇಳಿದ್ದಲ್ವಾ ಸಾಮಿ? ಯುದ್ಧದ ಕಾಲ, ರಟ್ಟು ಸಿಗ್ತಿಲ್ಲ, ರದ್ದಿ ಅಂಟಿಸಿ ರಟ್ಟು ಮಾಡ್ಕೋ ಅಂತ!"

"ರದ್ದಿ ಆ ಗಂಟು ಕಣ್ರೀ! ಇದು ಹಲಸೂರಿನ ಜನನ ರಿಜಿಸ್ಟರು, ಸಾವಿರದೆಂಟುನೂರ ಎಂಬತ್ತಾರನೇ ಇಸವಿದು. ಬೈಂಡ್ ಮಾಡೋಕೆ ಕೊಟ್ಟಿದ್ದು!"

ಮೂರು ಗಂಟೆಗೆ ದಾಖಲೆ ಕೋಣೆಯ ತನಿಖೆ. ಒಂದು ಹಾಳೆ ಕಡಿಮೆಯಾದರೂ ಗುಮಾಸ್ತನ ಕೆಲಸ ಹೋಯಿತೆಂದು ಹೊಸ ಸಾಹೇಬರು ಇನಾಯತ್ ಉಲ್ಲಾ ಹೇಳಿಬಿಟ್ಟಿದ್ದರು. ಅಂಜನಮೂರ್ತಿಗೆ ರಿಟೈರಾಗಲು ಇನ್ನೂ ಎರಡು ವರ್ಷವಿತ್ತು. ರಿಜಿಸ್ಟರನ್ನು ಕಿತ್ತುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತು ಹಾಳೆಗಳನ್ನು ಎಣಿಸಿದ. ಒಂದು ಹಾಳೆ ಇರಲಿಲ್ಲ.

"ಅದು ಶಕೀಲಾ ಟೀಚರಮ್ಮನ ಅಟ್ಲಾಸಿನ ರಟ್ಟೊಳಗೆ ಹೋಗ್ಬಿಡ್ತು," ಎಂದು ರಹೀಂ ಗಡ್ಡ ತುರಿಸಿಕೊಂಡ.

ಅಂಜನಮೂರ್ತಿ ಟೀಚರಮ್ಮನ ಶಾಲೆಯಿದ್ದ ರಿಚರ್ಡ್ಸ್ ಟೌನಿಗೆ ಜಟಕಾ ಹತ್ತಿದ. ಕುದುರೆ ಮದುವೆ ಮೆರವಣಿಗೆಯಲ್ಲಿ ಪಳಗಿದ್ದು; ಅಭ್ಯಾಸಬಲದಿಂದ ಪ್ರತಿ ತಿರುವಿನಲ್ಲೂ ನಿಂತು ಬ್ಯಾಂಡಿಗಾಗಿ ಕಾಯುತ್ತಿತ್ತು.

"ಅಟ್ಲಾಸ್ ಕೊಡಲ್ಲ ರೀ," ಎಂದರು ಶಕೀಲಾ. "ಮಕ್ಕಳಿಗೆ ಯುದ್ಧ ತೋರಿಸ್ಬೇಕು."

"ಯುದ್ಧ ನೀವೇ ಇಟ್ಕೊಳ್ಳಿ ತಾಯಿ, ರಟ್ಟು ಮಾತ್ರ ಕೊಡಿ!"

ಟೀಚರಮ್ಮ ಕೊನೆಗೂ ಬಿಚ್ಚಿಕೊಟ್ಟ ರಟ್ಟನ್ನು ಕಚೇರಿಯಲ್ಲಿ ಸಹೋದ್ಯೋಗಿ ಮುನಿರಾಜಪ್ಪ ಟೀ ಕೆಟಲಿನ ಹಬೆಗೆ ಹಿಡಿದ. "ಉಸಿರಾಡ್ಬೇಡ ಅಂಜಣ್ಣ, ಹರಿದುಹೋಗುತ್ತೆ." ಹಾಳೆ ಬಿಟ್ಟುಕೊಂಡಿತು. ಅಷ್ಟರಲ್ಲೇ ಹಿಂದಿನಿಂದ ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು. ಇನಾಯತ್ ಉಲ್ಲಾ ಸಾಹೇಬರು!

ಬೈಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು.

"ವಾಹ್! ಒಂದಕ್ಷರ ಅಳಿಸಿಲ್ಲ. ಇಂಥದ್ದನ್ನ ಉಳಿಸ್ಬೇಕು ಕಣ್ರೀ." ಜೋರಾಗಿ ಓದತೊಡಗಿದರು. "ಬಜಾರ್ ಬೀದಿ, ಮಗ್ಗದ ದೊಡ್ಡಮುನಿಯಪ್ಪನಿಗೆ ಗಂಡು ಮಗು. ಷರಾ: ಎಡಗೈಗೆ ಆರು ಬೆರಳು."

"ಅಯ್ಯೋ, ದೊಡ್ಡಮುನಿಯಪ್ಪ ಅಂದ್ರೆ ನಿಮ್ಮಪ್ಪ ಅಲ್ವೇನೋ!" ಮುನಿರಾಜಪ್ಪ ಸಂತೋಷದಿಂದ ಕೂಗಿದ. "ಸಾರ್, ಇವನೇ ಆ ಮಗು!"

ಅಂಜನಮೂರ್ತಿ ಎಡಗೈಯನ್ನು ಕೋಟಿನ ಜೇಬಿಗೆ ತುರುಕಿದ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕುಳ್ಳ ಹುಡುಗನ ಎತ್ತರ ನೋಡಿ ಐದು ವರ್ಷ ಈಚಿನ ಇಸವಿ ಬರೆದಿದ್ದರು. ಅದೇ ಸರ್ವೀಸ್ ಪುಸ್ತಕಕ್ಕೂ ಇಳಿದಿತ್ತು.

ಸಾಹೇಬರು ಬೆರಳು ಮಡಚಿ ಎಣಿಸಿದರು.

"ಅಂದ್ರೆ ನಿಮಗೀಗ ಐವತ್ತೆಂಟು. ಐವತ್ತೈದಕ್ಕೆ, ಮೂರು ವರ್ಷದ ಹಿಂದೇನೇ ರಿಟೈರಾಗ್ಬೇಕಿತ್ತಲ್ರೀ!" ಕನ್ನಡಕ ತೆಗೆದು ಒರೆಸಿದರು. "ನಾಳೆಯಿಂದ ಬರ್ಬೇಡಿ. ಆದ್ರೂ ಇಷ್ಟು ಓಡಾಡಿ ದಾಖಲೆ ಉಳಿಸಿದ್ದೀರಿ. ಸೀಲು ಹಾಕಿ ಇದರ ನಕಲೊಂದು ಕೊಡಿಸ್ತೀನಿ, ಫ್ರೀಯಾಗಿ. ಮನೇಲಿ ಫ್ರೇಮ್ ಹಾಕಿಸಿ ಇಟ್ಕೊಳ್ಳಿ."

"ಬೇಡ," ಎಂದ ಅಂಜನಮೂರ್ತಿ.