ಚೂಪು ತಳ, ಚಪ್ಪಟೆ ತಳ

ಹೆರಿಗೆ ಮಾಡಿಸುವವಳ ಬದುಕಿನಲ್ಲಿ ನಗು ಹೇಳದೆ ಕೇಳದೆ ಬರುತ್ತದೆ, ಅದೂ ಎದೆ ಡವಡವ ಅನ್ನುತ್ತಿರುವಾಗಲೇ. ನಾನು ಹೊಸಕೋಟೆ ಕಡೆ ನರ್ಸಾಗಿದ್ದಾಗ, ಮಳೆಗಾಲದಲ್ಲಿ ಕೆರೆ ತುಂಬಿದರೆ ಆಚೆ ದಡದ ಹಳ್ಳಿಗೆ ದಾರಿಯೇ ಇರುತ್ತಿರಲಿಲ್ಲ. ಒಂದು ವರ್ಷ ನಾನು ತೆಪ್ಪದಲ್ಲಿ ಹೋಗಿ ಸೇರುವಷ್ಟರಲ್ಲಿ ಒಬ್ಬ ತಾಯಿ ಹೋಗಿಬಿಟ್ಟಿದ್ದಳು. ಅದಾದ ಮೇಲೆ ಪಟೇಲರು ಹಟ ಹಿಡಿದು, ಯುದ್ಧ ಮುಗಿಸಿ ಮಿಲಿಟರಿಯವರು ಬಿಟ್ಟುಹೋದ ಎರಡು ಪುಟ್ಟ ಮೋಟಾರು ದೋಣಿಗಳನ್ನು ಬೆಂಗಳೂರಿನಿಂದ ತರಿಸಿದರು. ಓಡಿಸಿ ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸಬೇಕು ಅಂತ ಮಾತಾಗಿತ್ತು.

ಬೋರಲು

ದೋಣಿಗಳನ್ನು ಲಾರಿಯಿಂದ ಇಳಿಸಿ ಕೆರೆ ಏರಿಯ ಮೇಲೆ ಬೋರಲು ಹಾಕಿದರು. ಒಂದರ ತಳ ಚಪ್ಪಟೆ, ಇನ್ನೊಂದರದು ಚೂಪು. ಸೈನ್ಯದಿಂದ ಆಗಷ್ಟೇ ಬಂದಿದ್ದ ನಮ್ಮೂರ ಡ್ರೈವರು, "ಚೂಪುದು ನೀರು ಸೀಳ್ಕೊಂಡು ಹೋಗತ್ತೆ, ಅದೇ ಇರ್ಲಿ" ಅಂದ.

ಪಟೇಲರು ಎರಡನ್ನೂ ಸವರಿ ನೋಡಿದರು. "ಅಲ್ಲ ಕಣಪ್ಪಾ, ಚಪ್ಪಟೇದು ಓಡ್ದೇ ಹೋದ್ರೂ ಹಿಂಗೇ ಬೋರಲು ಹಾಕಿದ್ರೆ ಜಗಲಿ ಆಗತ್ತೆ. ಚೂಪುದ್ರ ಮೇಲೆ ಕೂರೋನು ಯಾರು?"

ಚೂಪು

ಆದರೂ ಮೊದಲು ಚೂಪುದನ್ನೇ ನೀರಿಗಿಳಿಸಿದೆವು. ಬಾಣದ ಹಾಗೆ ಹೋಯಿತು. ಇಂಥದ್ದೊಂದು ಮೊದಲೇ ಇದ್ದಿದ್ದರೆ ಆ ತಾಯಿ ಉಳಿಯುತ್ತಿದ್ದಳೇನೋ ಅಂತ ದೋಣಿಯಲ್ಲಿ ಕೂತಿದ್ದ ನನಗೆ ಅನ್ನಿಸಿತು. ಅಷ್ಟರಲ್ಲಿ, ಆಚೆ ದಡ ಇನ್ನೂ ದೂರವಿರುವಾಗಲೇ, ತಳ ಹೂಳಿಗೆ ಕಚ್ಚಿಕೊಂಡು ನಿಂತಿತು. ನೀರು ಮೊಣಕಾಲಷ್ಟೇ ಅಂತ ಪಟೇಲರು ಪಂಚೆ ಎತ್ತಿ ಇಳಿದರು. ಕೆಸರು ಅವರನ್ನು ಸೊಂಟದವರೆಗೆ ಎಳೆದುಕೊಂಡಿತು.

ದಡದಲ್ಲಿ ಎಮ್ಮೆ ಕಾಯುತ್ತಿದ್ದ ಅಜ್ಜಿ ಕೂಗಿ ಹೇಳಿದಳು: "ಸ್ವಾಮೀ, ಅಲ್ಲಾಡ್ಬೇಡಿ! ನಮ್ಮೆಮ್ಮೆ ಹೂತ್ಕೊಂಡಾಗ ಎಳೆಯೋ ಹಗ್ಗ ತತ್ತೀನಿ, ನಿಮ್ಗೂ ತಡೀತದೆ!"

ಚಪ್ಪಟೆ

ಆ ಹಗ್ಗದಲ್ಲೇ ಪಟೇಲರನ್ನೂ ದೋಣಿಯನ್ನೂ ಎಳೆದು ತಂದದ್ದಾಯಿತು. ಮರುದಿನ ಬೆಳಗ್ಗೆ ಆಚೆ ದಡದಿಂದ ಯಾರೋ ಟವೆಲ್ಲು ಬೀಸಿ ಕರೆದರು. ಹೆರಿಗೆ. ಚಪ್ಪಟೇದನ್ನು ನಾವಿನ್ನೂ ಓಡಿಸಿಯೇ ನೋಡಿರಲಿಲ್ಲ.

"ಗಾಳಿ ಜೋರಾಗಿದೆ ನರ್ಸಮ್ಮ, ಚೂಪುದ್ರಲ್ಲೇ ಹೋಗೋಣ" ಅಂದ ಡ್ರೈವರು.

"ದೋಣಿ ದಡ ಮುಟ್ಬೇಕು ಕಣಪ್ಪಾ. ಅವಳನ್ನ ಮಲಗಿಸೋಕೆ ಜಾಗ ಬೇಕು. ಚಪ್ಪಟೇದು ತೆಗಿ" ಅಂದೆ. ಅಂದವಳೇ ಚೀಲ ಎತ್ತಿಕೊಂಡು ಹತ್ತಿದೆ.

ದೋಣಿ ಸೀದಾ ದಡಕ್ಕೇ ಹೋಗಿ ನಿಂತಿತು. ಬಸುರಿಗೆ ಹಿಂದಿನ ದಿನ ಶುರುವಾದ ನೋವು ನಿಂತುಹೋಗಿತ್ತು. ನನಗೆ ಭಯವಾಗಿದ್ದೇ ಅದು. ಅವಳನ್ನೂ ಅವಳ ಅತ್ತೆಯನ್ನೂ ಹತ್ತಿಸಿಕೊಂಡು ಈಚೆ ದಡದ ಆಸ್ಪತ್ರೆ ಕಡೆ ತಿರುಗಿದೆವು. ಗಾಳಿಗೆ ಎದುರಾದ ಕೂಡಲೇ ಆ ಚಪ್ಪಟೆ ತಳ ಒಂದೊಂದು ಅಲೆಗೂ ಧಡ್ ಧಡ್ ಅಂತ ಕುಕ್ಕತೊಡಗಿತು. ನನ್ನ ಮಾತಿನಿಂದ ಇನ್ನೊಂದು ಜೀವ ಹೋಗುತ್ತದೇನೋ ಅಂತ ಅವಳ ಸೊಂಟ ಗಟ್ಟಿಯಾಗಿ ಹಿಡಿದು ಕೂತೆ. ಕೆರೆಯ ನಡುವೆ ನೋವು ಮತ್ತೆ ಬಂತು. ಬಂದದ್ದು ನಿಲ್ಲಲೇ ಇಲ್ಲ. ಹೆಣ್ಣುಮಗು ಕಿರುಚಿದ ಸದ್ದಿಗೆ ಡ್ರೈವರು ಬೆಚ್ಚಿ ಮೋಟಾರೇ ನಿಲ್ಲಿಸಿಬಿಟ್ಟ.

ಏರಿಯ ಮೇಲೆ ಕಾಯುತ್ತಿದ್ದ ಪಟೇಲರು ತಾಯಿ ಮಗುವನ್ನು ನೋಡಿ ಕಣ್ಣೊರೆಸಿಕೊಂಡರು. "ಇದನ್ನೇ ಇಟ್ಕೊಳ್ಳೋಣ. ಅಲೇಲಿ ಒಸಿ ಕುಕ್ಕತ್ತೆ, ಅದೊಂದೇ ಐಬು."

ಮೊಮ್ಮಗಳನ್ನು ಎದೆಗೊತ್ತಿಕೊಂಡಿದ್ದ ಅತ್ತೆ ಸಿಡುಕಿದಳು: "ಐಬು ಅಂತೀರಲ್ಲ ಸ್ವಾಮೀ! ಕುಕ್ಕಿದ್ದಕ್ಕೇ ಕೂಸು ಬಂದಿದ್ದು. ನಮ್ಮ ಹಿರೀ ಸೊಸೆಗೂ ದಿನ ತುಂಬೈತೆ. ನಾಳೀಕೆ ಕರ್ಕೊಂಡ್ಬತ್ತೀನಿ, ಆಸ್ಪತ್ರೆ ಗೀಸ್ಪತ್ರೆ ಏನೂ ಬ್ಯಾಡ, ಕೆರೇಲಿ ಒಂದು ಸುತ್ತು ಹೊಡೆಸ್ಬಿಡಿ ಸಾಕು!"